ಕಯಾಕ್ ಏರಿಸುವ ಉಪಾಯ, ಕಾಯಕ ಉಳಿಸುವ ವಿವೇಕ

ಶರಣರು ಕಾಯಕಕ್ಕೆ ತಂದುಕೊಟ್ಟ ಗೌರವದಲ್ಲಿ ಕಾಯಕದ ಉಪಕರಣಕ್ಕೂ ಪಾಲಿದೆ. ಅಂಬಿಗರ ಚೌಡಯ್ಯನವರನ್ನು ಹುಟ್ಟಿಲ್ಲದೆ, ಮೇದಾರ ಕೇತಯ್ಯನವರನ್ನು ಬಿದಿರಿಲ್ಲದೆ, ನುಲಿಯ ಚಂದಯ್ಯನವರನ್ನು ಹಗ್ಗವಿಲ್ಲದೆ ನೆನೆಯುವುದು ಸಾಧ್ಯವಿಲ್ಲ. ಉಪಕರಣವು ಕೈಯ ಮುಂದುವರಿಕೆ. ಕೈ ಸೋತಾಗ ಅದೇ ಕೈಗೆ ಆಸರೆ. ಈ ಮಾತನ್ನು ತಿಳಿಯಲು ದೊಡ್ಡ ಯಂತ್ರಗಳ ನಿದರ್ಶನ ಬೇಕಿಲ್ಲ. ಒಂದು ಕಂಬ, ಒಂದು ಅಡ್ಡಕೋಲು, ಅದರ ಮೇಲೆ ಉರುಳುವ ಒಂದು ಕೊಳವೆ ಇಷ್ಟರಿಂದಲೇ ಆಗುವ ಒಂದು ಸಣ್ಣ ಸಾಧನದ ವಿಚಾರವನ್ನು ಇಲ್ಲಿ ಪ್ರಸ್ತಾಪಿಸಿದೆ.

ನಮ್ಮ ಸಮಾಜದ ಅನೇಕ ಕುಟುಂಬಗಳ ಮಕ್ಕಳು ಇಂದು ಅಮೆರಿಕ, ಕೆನಡಾ ದೇಶಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿಗೆ ಹೋಗಿಬಂದ ತಂದೆತಾಯಿಗಳು ಬೇಸಿಗೆಯ ದಿನಗಳಲ್ಲಿ ಅಲ್ಲಿನ ರಸ್ತೆಗಳಲ್ಲಿ ಒಂದು ನೋಟವನ್ನು ಕಂಡಿರುತ್ತಾರೆ. ಕಾರುಗಳ ನೆತ್ತಿಯ ಮೇಲೆ ಕೆಂಪು, ಹಳದಿ, ನೀಲಿ ಬಣ್ಣದ, ಎರಡೂ ತುದಿ ಚೂಪಾದ ಉದ್ದನೆಯ ದೋಣಿಗಳು ಸಾಗುತ್ತಿರುತ್ತವೆ. ಅವುಗಳ ಹೆಸರು ಕಯಾಕ್. ಒಬ್ಬರು ಅಥವಾ ಇಬ್ಬರು ಕುಳಿತು, ಎರಡೂ ಕಡೆ ಅಲಗಿರುವ ಒಂದೇ ಹುಟ್ಟಿನಿಂದ ಎಡಬಲಕ್ಕೆ ನೀರನ್ನು ಒತ್ತಿ ನಡೆಸುವ ದೋಣಿಯಿದು.

ಹೆಸರಿನ ಸಾಮ್ಯ, ಮೂಲದ ಭೇದ

ಕಯಾಕ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮವರಿಗೆ ಕಾಯಕವೆಂಬ ಪದ ನೆನಪಾಗುವುದು ಸಹಜ. ಎರಡಕ್ಕೂ ಸಂಬಂಧ ಕಲ್ಪಿಸಿ ಹಿಗ್ಗುವವರೂ ಉಂಟು. ಆದರೆ ಶಬ್ದಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಕಾಯಕ ಪದವು ಶರೀರವೆಂಬ ಅರ್ಥದ 'ಕಾಯ' ಶಬ್ದದಿಂದ ಬಂದುದು. ಕಯಾಕ್ ಎಂಬುದು ಗ್ರೀನ್‌ಲ್ಯಾಂಡ್ ಮತ್ತು ಉತ್ತರ ಕೆನಡಾದ ಹಿಮಪ್ರದೇಶಗಳ ಇನುಯಿಟ್ ಜನರ ಭಾಷೆಗೆ ಸೇರಿದುದು. ಧ್ವನಿಯ ಸಾಮ್ಯ ಕೇವಲ ಆಕಸ್ಮಿಕ. ಇಲ್ಲದ ನಂಟನ್ನು ಹೆಣೆಯುವುದು ಅಭಿಮಾನವೆನಿಸಬಹುದೇ ಹೊರತು ವಿದ್ಯೆಯೆನಿಸದು.

ಆದರೂ ಭಾವದ ಒಂದು ಸಾಮ್ಯ ಇಲ್ಲದಿಲ್ಲ. ಇನುಯಿಟ್ ಬೇಟೆಗಾರನು ತನ್ನ ಕಯಾಕನ್ನು ತನ್ನ ಕಾಯದ ಅಳತೆಗೇ ಕಟ್ಟಿಕೊಳ್ಳುತ್ತಿದ್ದನು. ಚಾಚಿದ ತೋಳುಗಳ ಅಳತೆಯಿಂದ ದೋಣಿಯ ಉದ್ದ, ಸೊಂಟದ ಅಳತೆಯಿಂದ ಅದರ ಅಗಲ ನಿರ್ಧಾರವಾಗುತ್ತಿದ್ದವು. ಮರ ಬೆಳೆಯದ ಆ ನಾಡಿನಲ್ಲಿ ಸಮುದ್ರದ ಅಲೆಗಳು ದಡಕ್ಕೆ ತಂದು ಹಾಕಿದ ಕಟ್ಟಿಗೆಯೇ ದೋಣಿಯ ಎಲುಬುಗೂಡು, ಸೀಲ್ ಪ್ರಾಣಿಯ ಚರ್ಮವೇ ಅದರ ಹೊದಿಕೆ. ಹೀಗೆ ಕಟ್ಟಿದ ದೋಣಿ ಒಬ್ಬನೇ ಎತ್ತಿ ಹೊರುವಷ್ಟು ಹಗುರವಾಗಿರುತ್ತಿತ್ತು. ನಡೆಸುವವನೇ ಹೊರಬೇಕು, ಹೊರಲು ಆಗುವಷ್ಟೇ ಭಾರವಿರಬೇಕು ಎಂಬ ವಿವೇಕ ಅದರ ರಚನೆಯಲ್ಲೇ ಅಡಗಿತ್ತು.

ಯೂರೋಪಿನವರು ಈ ದೋಣಿಯನ್ನು ವಿಹಾರಕ್ಕೆಂದು ಅಳವಡಿಸಿಕೊಂಡಾಗ ಅದನ್ನು ಸಾಗಿಸುವ ಪ್ರಶ್ನೆ ಎದುರಾಯಿತು. ಜರ್ಮನಿಯ ಆಲ್ಫ್ರೆಡ್ ಹಾಯ್‌ರಿಶ್ ಎಂಬ ವಿದ್ಯಾರ್ಥಿ 1905ರಲ್ಲಿ ಬಿಚ್ಚಿ ಮಡಚಿಡಬಹುದಾದ ಕಯಾಕನ್ನು ರೂಪಿಸಿದನು. ರೋಸನ್‌ಹೈಮ್ ಊರಿನ ಯೋಹಾನ್ ಕ್ಲೆಪರ್ ಎಂಬ ದರ್ಜಿ 1907ರಲ್ಲಿ ಅದರ ಹಕ್ಕನ್ನು ಪಡೆದು ತಯಾರಿಕೆಗೆ ತೊಡಗಿದನು. ದೋಣಿಯನ್ನು ಚೀಲಗಳಲ್ಲಿ ತುಂಬಿಕೊಂಡು ರೈಲಿನಲ್ಲಿ ಹೊಳೆಯ ದಡಕ್ಕೆ ಹೋಗುವುದು ಇದರಿಂದ ಸಾಧ್ಯವಾಯಿತು. ಹಾನೆಸ್ ಲಿಂಡೆಮಾನ್ ಎಂಬ ಜರ್ಮನ್ ವೈದ್ಯನು 1956ರಲ್ಲಿ ಇಂತಹ ಮಡಚುವ ದೋಣಿಯಲ್ಲಿಯೇ ಏಕಾಂಗಿಯಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿದನು. 1970ರ ದಶಕದಿಂದ ಅಚ್ಚಿನಲ್ಲಿ ಎರಕಗೊಂಡ ಪ್ಲಾಸ್ಟಿಕ್ ಕಯಾಕುಗಳು ಬಂದವು. ಅವು ಅಗ್ಗ, ಗಟ್ಟಿ, ಬಂಡೆಗೆ ಬಡಿದರೂ ಸುಲಭವಾಗಿ ಒಡೆಯವು. ಆದರೆ ಅವು ಮಡಚಲು ಬಾರವು, ಹಗುರವೂ ಅಲ್ಲ. ಭಾರದ ತೊಡಕು ಮತ್ತೆ ಹೆಗಲೇರಿತು.

ತೊಡಕಿರುವುದು ನೀರಿನಲ್ಲಲ್ಲ, ಅಂಗಳದಲ್ಲಿ

ಪ್ಲಾಸ್ಟಿಕ್ ಕಯಾಕೊಂದು ಸುಮಾರು 4 ಮೀಟರ್ ಉದ್ದ, 30 ಕಿಲೋ ಭಾರವಿದೆಯೆಂದು ಇಟ್ಟುಕೊಳ್ಳೋಣ. ನಮ್ಮ ಅಡುಗೆಮನೆಯ ತುಂಬಿದ ಅನಿಲದ ಸಿಲಿಂಡರಿನ ತೂಕವೂ ಹೆಚ್ಚುಕಡಿಮೆ ಇಷ್ಟೇ. ಆದರೆ ಸಿಲಿಂಡರನ್ನು ನೆಲದ ಮೇಲೆ ಹೊರಳಿಸಬಹುದು. ಆಳೆತ್ತರದ ಎರಡು ಪಾಲಿಗಿಂತ ಉದ್ದವಾದ ದೋಣಿಯನ್ನು, ಒಂದೂವರೆ ಮೀಟರಿಗೂ ಎತ್ತರವಿರುವ ಕಾರಿನ ಮೇಲಕ್ಕೆ, ಗಾಳಿ ಬೀಸುವಾಗ, ಒಬ್ಬರೇ ಎತ್ತಿ ಸರಿಯಾಗಿ ಕೂರಿಸಬೇಕು. ಭಾರಕ್ಕಿಂತ ಉದ್ದವೇ ಹೆಚ್ಚು ಕಾಡುತ್ತದೆ. ತೋಳನ್ನು ತಲೆಯ ಮೇಲೆತ್ತಿ ಸೊಂಟವನ್ನು ತಿರುಚಿದಾಗ ಬೆನ್ನೂ ಭುಜವೂ ನೋಯುತ್ತವೆ.

ಇಲ್ಲೊಂದು ವಿಚಿತ್ರವಿದೆ. ನೀರಿಗಿಳಿದ ಮೇಲೆ ದೋಣಿಯ ಭಾರವನ್ನೂ ದೇಹದ ಭಾರವನ್ನೂ ನೀರೇ ಹೊರುತ್ತದೆ. ಅರವತ್ತೈದು, ಎಪ್ಪತ್ತರ ವಯಸ್ಸಿನವರು ಶಾಂತವಾದ ಸರೋವರದಲ್ಲಿ ನಿಧಾನವಾಗಿ ಹುಟ್ಟು ಹಾಕಬಲ್ಲರು. ಮೊಣಕಾಲಿಗೆ ಪೆಟ್ಟಿಲ್ಲ, ಉಸಿರಿಗೆ ಅತಿಯಾದ ಶ್ರಮವಿಲ್ಲ. ಆದರೂ ಅನೇಕ ವೃದ್ಧರು ದೋಣಿಯ ಸಹವಾಸವನ್ನೇ ಬಿಟ್ಟುಬಿಡುತ್ತಾರೆ. ಹುಟ್ಟು ಹಾಕಲಾರದೆ ಬಿಟ್ಟವರಲ್ಲ ಅವರು; ಕಾರಿನ ಮೇಲೆ ಏರಿಸಲಾರದೆ ಬಿಟ್ಟವರು. ಪ್ರತಿ ಸಲವೂ ಮಗನನ್ನು ಕಾಯಬೇಕು, ನೆರೆಯವರನ್ನು ಕರೆಯಬೇಕು. ಕೇಳುವ ಸಂಕೋಚ ಬೆಳೆದಂತೆ ಹೊರಡುವ ಮನಸ್ಸು ಕುಗ್ಗುತ್ತದೆ. ಒಂದು ವರ್ಷ ದೋಣಿ ಗೋಡೆಗೆ ಒರಗುತ್ತದೆ, ಮರುವರ್ಷ ಮಾರಾಟವಾಗುತ್ತದೆ. ಹೀಗೆ ಒಂದು ಸಂತೋಷ ಕೊನೆಗೊಳ್ಳುವುದು ಸರೋವರದಲ್ಲಲ್ಲ, ಮನೆಯ ಅಂಗಳದಲ್ಲಿ.

ಅರ್ಧ ಭಾರದ ಸೂತ್ರ

ಇದಕ್ಕೆ ಪರಿಹಾರ ಬಹು ಸರಳವಾದುದು. ಉದ್ದವಾದ ವಸ್ತುವಿನ ಒಂದು ತುದಿ ಆಸರೆಯ ಮೇಲಿದ್ದರೆ ಇನ್ನೊಂದು ತುದಿಯನ್ನು ಎತ್ತುವವನ ಪಾಲಿಗೆ ಬರುವುದು ಸುಮಾರು ಅರ್ಧ ಭಾರ ಮಾತ್ರ. 30 ಕಿಲೋ ದೋಣಿಯನ್ನು ಒಂದೇ ಬಾರಿಗೆ ಎತ್ತುವ ಬದಲು 15 ಕಿಲೋದಂತೆ ಎರಡು ಬಾರಿ ಎತ್ತುವುದು. ಅಂದರೆ ತುಂಬಿದ ಸಿಲಿಂಡರಿನ ಬದಲು ಖಾಲಿ ಸಿಲಿಂಡರನ್ನು ಎರಡು ಸಲ ಎತ್ತಿದಂತೆ. ಒಟ್ಟು ಶ್ರಮ ಕಡಿಮೆಯಾಗದು, ಅದು ಹಂಚಿಹೋಗುತ್ತದೆ. ಶಕ್ತಿಯ ಕೊರತೆಯನ್ನು ತಾಳ್ಮೆ ತುಂಬಿಕೊಡುತ್ತದೆ.

ನಮ್ಮ ರೈತರಿಗೆ ಇದು ಹೊಸ ಪಾಠವಲ್ಲ. ಮರದ ದಿಮ್ಮಿಯನ್ನು ಬಂಡಿಗೆ ಹೇರುವಾಗ ಎತ್ತುಗಳನ್ನು ಬಿಚ್ಚಿ, ನೊಗವನ್ನು ಮೇಲಕ್ಕೆತ್ತಿ, ಬಂಡಿಯ ಹಿಂಭಾಗವನ್ನು ನೆಲದತ್ತ ಬಾಗಿಸಿ, ದಿಮ್ಮಿಯ ಒಂದು ತುದಿಯನ್ನು ಮೊದಲು ಏರಿಸಿ, ಅನಂತರ ಇನ್ನೊಂದು ತುದಿಯನ್ನು ಮೀಟಿ ನೂಕುವುದನ್ನು ಕಂಡವರುಂಟು. ಬಾವಿಯ ಗಡಗಡೆ, ಏತದ ಕೋಲು, ಕಲ್ಲು ಸರಿಸುವ ಹಾರೆ ಎಲ್ಲವೂ ಇದೇ ವಿವೇಕದ ಕುಟುಂಬಕ್ಕೆ ಸೇರಿದವು.

ಸಾಧನವನ್ನು ಕಟ್ಟುವ ಬಗೆ

ಅಮೆರಿಕದ ಅನೇಕ ಕಾರುಗಳ ಹಿಂಭಾಗದಲ್ಲಿ ಟ್ರೇಲರ್ ಎಳೆಯಲೆಂದು 2 ಅಂಗುಲ ಚೌಕದ ಕಬ್ಬಿಣದ ಗೂಡನ್ನು ಅಳವಡಿಸಿರುತ್ತಾರೆ. ಆ ಗೂಡಿನೊಳಗೆ ಕೂರುವ ಚೌಕ ಕೊಳವೆಯೇ ಸಾಧನದ ಬುಡ. ಅದು ಕಾರಿನಿಂದ ಹಿಂದಕ್ಕೆ ಸುಮಾರು ಎರಡು ಅಡಿ ಚಾಚಿರಲಿ. ಅದರ ತುದಿಯಲ್ಲಿ ಕಾರಿನ ನೆತ್ತಿಯ ಮಟ್ಟಕ್ಕಿಂತ ತುಸು ಎತ್ತರ ಬರುವಂತೆ ಒಂದು ಕಂಬವನ್ನು ನಿಲ್ಲಿಸಬೇಕು. ಬುಡವೂ ಕಂಬವೂ ಕೂಡುವಲ್ಲಿ ಓರೆಯಾದ ಊರೆಪಟ್ಟಿಯನ್ನು ಬೆಸೆದರೆ ಕಂಬ ಓಲಾಡದು. ಕಂಬದ ನೆತ್ತಿಯಲ್ಲಿ ಮೂರೂವರೆ ಅಡಿ ಉದ್ದದ ಕಬ್ಬಿಣದ ಅಡ್ಡಪೈಪನ್ನು ಅದರ ಎರಡು ತುದಿಗಳನ್ನು ಹಿಡಿಯುವ ಕವಲುಗಳ ಮೇಲೆ ಕೂರಿಸಿ, ಕವಲುಗಳ ನಡುವೆ ಅದಕ್ಕೆ 3 ಅಂಗುಲದ ಪಿ.ವಿ.ಸಿ. ಪೈಪನ್ನು ಸಡಿಲವಾಗಿ ತೊಡಿಸಬೇಕು. ದೋಣಿ ಸರಿದಾಗ ಹೊರಗಿನ ಪೈಪು ಲಟ್ಟಣಿಗೆಯಂತೆ ಉರುಳುತ್ತದೆ. ದೋಣಿ ಪಕ್ಕಕ್ಕೆ ಜಾರದಂತೆ ಎರಡೂ ತುದಿಗಳಲ್ಲಿ ಗೇಣುದ್ದದ ಗೂಟಗಳಿರಲಿ. ಗೂಡಿನ ರಂಧ್ರದಲ್ಲಿ ಪಿನ್ನು ತೂರಿಸಿ ಭದ್ರಪಡಿಸುವುದನ್ನು ಮರೆಯಬಾರದು. ಬೆಸುಗೆಯ ಕೆಲಸವನ್ನು ಬಲ್ಲವರಿಂದಲೇ ಮಾಡಿಸತಕ್ಕದ್ದು. ಅಳತೆ, ಕೊರೆತ, ಜೋಡಣೆಗಳನ್ನು ಮನೆಯವರೇ ಮಾಡಬಹುದು.

ಅಂತಹ ಗೂಡಿಲ್ಲದ ಕಾರಿಗೆ ಬೇರೊಂದು ಉಪಾಯವುಂಟು. ಮೇಲಿನ ಕ್ಯಾರಿಯರಿನ ಮುಂದಿನ ಅಡ್ಡಪಟ್ಟಿಗೆ ಒಂದು ದಪ್ಪ ಪೈಪನ್ನು ಬಿಗಿದು, ಅದರೊಳಗೆ ಒಂದು ಸಣ್ಣ ಗಟ್ಟಿ ಪೈಪನ್ನು ಸೇರಿಸಬೇಕು. ಬೇಕಾದಾಗ ಒಳಪೈಪನ್ನು ಪಕ್ಕಕ್ಕೆ ಎರಡು ಅಡಿ ಹೊರಗೆಳೆದರೆ ಅದು ಚಾಚಿದ ತೋಳಿನಂತಾಗುತ್ತದೆ. ದೋಣಿಯ ಮುಂತುದಿಯನ್ನು ಆ ತೋಳಿಗೆ ಒರಗಿಸಿ, ಹಿಂತುದಿಯನ್ನು ಎತ್ತಿ ಹಿಂದಿನ ಅಡ್ಡಪಟ್ಟಿಯ ಮೇಲಿಟ್ಟು, ಕೊನೆಗೆ ಮುಂತುದಿಯನ್ನು ಒಳಕ್ಕೆ ಸರಿಸಿದರಾಯಿತು. ಇಲ್ಲಿಯೂ ಒಮ್ಮೆಗೆ ಅರ್ಧ ಭಾರವೇ.

ಏರಿಸುವ ಕ್ರಮ, ಕಟ್ಟುವ ಎಚ್ಚರ

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಬೇಕು. ದೋಣಿಯನ್ನು ಕಾರಿನ ಹಿಂದೆ ನೇರವಾಗಿ ಇಟ್ಟು, ಹಿಂತುದಿಯ ಕೆಳಗೆ ಹಳೆಯ ಚಾಪೆಯನ್ನೋ ಗೋಣಿಯನ್ನೋ ಹಾಸಬೇಕು. ಮೊಣಕಾಲು ಮಡಿಸಿ, ಬೆನ್ನನ್ನು ನೆಟ್ಟಗಿರಿಸಿ, ಮುಂತುದಿಯನ್ನು ಎತ್ತಿ ಉರುಳೆಯ ಮೇಲೆ ಒರಗಿಸಬೇಕು. ಒಂದು ಕ್ಷಣ ವಿಶ್ರಮಿಸಿ, ಹಿಂದೆ ಹೋಗಿ, ಹಿಂತುದಿಯನ್ನು ಎತ್ತಿ ಮುಂದಕ್ಕೆ ನೂಕಬೇಕು. ಅರ್ಧಕ್ಕಿಂತ ಹೆಚ್ಚು ಭಾಗ ಮುಂದೆ ಸರಿದೊಡನೆ ಭಾರವನ್ನು ಕಾರೇ ವಹಿಸಿಕೊಳ್ಳುತ್ತದೆ. ಇಳಿಸುವಾಗ ಇದೇ ಕ್ರಮ ಹಿಂದುಮುಂದಾಗಿ ನಡೆಯುತ್ತದೆ.

ಏರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ವೇಗವಾಗಿ ಸಾಗುವಾಗ ಗಾಳಿ ದೋಣಿಯ ಕೆಳಗೆ ನುಗ್ಗಿ ಅದನ್ನು ಮೇಲೆತ್ತಲು ಹವಣಿಸುತ್ತದೆ. ಆದುದರಿಂದ ಎರಡು ಅಗಲ ಪಟ್ಟಿಗಳಿಂದ ದೋಣಿಯನ್ನು ಕ್ಯಾರಿಯರಿಗೆ ಬಿಗಿದು, ಮುಂತುದಿ ಹಿಂತುದಿಗಳನ್ನು ಬೇರೆ ಹಗ್ಗಗಳಿಂದ ಕಾರಿನ ಮುಂದಕ್ಕೂ ಹಿಂದಕ್ಕೂ ಕಟ್ಟಬೇಕು. ಪ್ಲಾಸ್ಟಿಕ್ ದೋಣಿಯನ್ನು ಅತಿಯಾಗಿ ಬಿಗಿದರೆ ಬಿಸಿಲಿಗೆ ಅದರ ಆಕಾರ ಕೆಡುತ್ತದೆ. ಕೆಲವು ಕಿಲೋಮೀಟರ್ ಸಾಗಿದ ಮೇಲೆ ನಿಲ್ಲಿಸಿ ಗಂಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡತಕ್ಕದ್ದು. ಕಾರಿನ ನೆತ್ತಿ ಎಷ್ಟು ಭಾರ ತಾಳುತ್ತದೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಆ ಮಿತಿಯಲ್ಲಿ ಕ್ಯಾರಿಯರಿನ ತೂಕವೂ ಸೇರಿದೆ. ಹಿಂದಿನ ಕಂಬವು ದೀಪಗಳನ್ನೂ ನೋಂದಣಿ ಫಲಕವನ್ನೂ ಮರೆಮಾಡಬಾರದು. ಏರಿಸಿದ ಮೇಲೆ ಅದನ್ನು ಕಳಚಿಡುವುದೇ ಲೇಸು. ರಸ್ತೆಯಲ್ಲಿ ಹಿಂದೆ ಬರುವವನ ಪ್ರಾಣವೂ ನಮ್ಮ ಒಂದು ಗಂಟಿನ ಮೇಲೆ ನಿಂತಿರುತ್ತದೆ. ಹಗ್ಗ ಹೊಸೆಯುವುದನ್ನೇ ಶಿವಪೂಜೆಯಾಗಿ ಕಂಡ ನುಲಿಯ ಚಂದಯ್ಯನವರ ಪರಂಪರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ನಮ್ಮ ಹರಿಗೋಲಿನ ನೆನಪು

ಕನ್ನಡನಾಡಿನ ಹೊಳೆಗಳಲ್ಲಿಯೂ ಹೊತ್ತೊಯ್ಯುವ ದೋಣಿಯುಂಟು. ತುಂಗಭದ್ರೆ, ಕಾವೇರಿಗಳ ಹರಿಗೋಲು ಬಿದಿರಿನಿಂದ ಹೆಣೆದ ದುಂಡು ಬುಟ್ಟಿ. ಹಿಂದೆ ಅದಕ್ಕೆ ಚರ್ಮದ ಹೊದಿಕೆಯಿತ್ತು. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರುಗಳ ಲೇಪವಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಂಟಿ ಮೀನುಗಾರನ ಚಿಕ್ಕ ಹರಿಗೋಲು ಪ್ರವಾಹದೊಡನೆ ಸಲೀಸಾಗಿ ಸಾಗುತ್ತದೆ, ಪ್ರವಾಹಕ್ಕೆ ಎದುರಾಗಿ ಸಾಗುವುದು ಕಷ್ಟ. ಆದುದರಿಂದ ಮೀನುಗಾರನು ಅದನ್ನು ಬೋರಲಾಗಿ ಬೆನ್ನಿಗೋ ತಲೆಗೋ ಏರಿಸಿಕೊಂಡು ದಡದ ಮೇಲೆ ಹಿಂದಿರುಗುತ್ತಾನೆ. ಗ್ರೀನ್‌ಲ್ಯಾಂಡಿನ ಬೇಟೆಗಾರನಿಗೂ ತುಂಗಭದ್ರೆಯ ಅಂಬಿಗನಿಗೂ ಪರಿಚಯವಿರಲಿಲ್ಲ. ಆದರೂ ಎತ್ತಲು ಬಾರದ ದೋಣಿ ಬಡವನ ಪಾಲಿಗೆ ದೋಣಿಯೇ ಅಲ್ಲವೆಂಬುದನ್ನು ಇಬ್ಬರೂ ಕಂಡುಕೊಂಡಿದ್ದರು.

ಮನೆಗೊಂದು ಮಾತು

ಈ ಸಾಧನದ ವಿಚಾರ ದೋಣಿಯಿಲ್ಲದ ಮನೆಗೇಕೆ ಎಂದು ಓದುಗರು ಕೇಳಬಹುದು. ವಯಸ್ಸಾದವರ ಮೇಲಿನ ಪ್ರೀತಿಯಿಂದಲೇ ನಾವು ಅವರ ಕೈಯಿಂದ ಕೆಲಸವನ್ನು ಕಸಿದುಕೊಳ್ಳುತ್ತೇವೆ. "ನೀವು ಸುಮ್ಮನೆ ಕೂತಿರಿ ಅಪ್ಪಾಜಿ, ನಾವು ಮಾಡುತ್ತೇವೆ" ಎಂಬ ಮಾತು ಕೇಳಲು ಹಿತವಾದುದು. ಆದರೆ ಅದನ್ನು ದಿನವೂ ಕೇಳುವ ಹಿರಿಯರಿಗೆ ತಾವು ಯಾವುದಕ್ಕೂ ಬೇಡವಾದೆವೆಂಬ ಅರ್ಥ ಹೊಳೆಯತೊಡಗುತ್ತದೆ. ಚಂದಯ್ಯನವರ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಓದಿದವರು ಬಲ್ಲರು: ಕಾಯಕದಿಂದ ಲಿಂಗಕ್ಕೂ ಬಿಡುಗಡೆಯಿಲ್ಲವೆಂಬ ನಿಷ್ಠೆ ಅವರದು. ಅಂತಹ ಪರಂಪರೆಯ ಮನೆಗಳಲ್ಲಿ ಹಿರಿಯರಿಗೆ ನಿಷ್ಕ್ರಿಯತೆಯನ್ನು ಸೇವೆಯೆಂದು ನೀಡುವುದು ಸಲ್ಲದು.

ಮಗನಾದವನು ಎರಡು ರೀತಿಯಲ್ಲಿ ನೆರವಾಗಬಹುದು. ತಂದೆ ಕರೆದಾಗಲೆಲ್ಲ ಬಂದು ದೋಣಿಯನ್ನು ಎತ್ತಿಕೊಡುವುದು ಒಂದು. ಒಂದು ಭಾನುವಾರ ತಂದೆಯೊಡನೆ ಕುಳಿತು ಉರುಳೆಯ ಕಂಬವನ್ನು ಕಟ್ಟಿಕೊಡುವುದು ಇನ್ನೊಂದು. ಮೊದಲನೆಯದರಲ್ಲಿ ತಂದೆ ಮಗನ ಬಿಡುವಿಗಾಗಿ ಕಾಯುತ್ತಾನೆ. ಎರಡನೆಯದರಲ್ಲಿ ಬೆಳಗಿನ ಪೂಜೆ ಮುಗಿಸಿ ತನಗೆ ಬೇಕಾದಾಗ ತಾನೇ ಹೊರಡುತ್ತಾನೆ. ಜೊತೆಗೆ ಕೂತ ಮೊಮ್ಮಕ್ಕಳು ಮೀಟುಗೋಲಿನ ಪಾಠವನ್ನು ಪುಸ್ತಕವಿಲ್ಲದೆ ಕಲಿಯುತ್ತಾರೆ. ಕಟ್ಟಿದ ಸಾಧನವನ್ನು ನೆರೆಯವರಿಗೂ ಎರವಲು ಕೊಟ್ಟರೆ ಅದು ದಾಸೋಹದ ಒಂದು ಸಣ್ಣ ರೂಪವೇ ಸರಿ. ಭಾರ ಎತ್ತಬಾರದೆಂದು ವೈದ್ಯರು ಹೇಳಿದ್ದರೆ ಅದನ್ನು ಮೀರಬಾರದು. ಹಾಗೆಂದು ಅವರು ಹೇಳದಿದ್ದಾಗ ನಾವಾಗಿಯೇ ಹೇಳಬೇಕಾಗಿಲ್ಲ.

ಸೇದುವ ಬಾವಿಗೆ ಗಡಗಡೆ, ಮೆಟ್ಟಿಲಿಗೆ ಹಿಡಿಕೆ, ಗಿಡಕ್ಕೆ ನೀರುಣಿಸುವ ಅಜ್ಜಿಗೆ ಚಿಕ್ಕ ಬಿಂದಿಗೆ, ಪೂಜೆಗೆ ಕೂರುವ ಅಜ್ಜನಿಗೆ ತುಸು ಎತ್ತರದ ಮಣೆ ಇವೆಲ್ಲವೂ ಕಯಾಕಿನ ಉರುಳೆಯ ಒಡಹುಟ್ಟುಗಳೇ. ಹಿರಿಯರ ಕೆಲಸವನ್ನು ಉಳಿಸಿ, ಅದರ ಭಾರವನ್ನಷ್ಟೇ ಇಳಿಸೋಣ.