ತಕ್ಕಡಿಯ ಮುಳ್ಳಿಗೆ ಕಾಣದ ಆರೋಗ್ಯ

ಒಂದು ಕಾಲಕ್ಕೆ ಮುಂಬಯಿಗೆ ಬಂದಿಳಿದ ನಮ್ಮವರಿಗೆ ತೂಕದ ಯಂತ್ರದ ಪರಿಚಯವಾಗುತ್ತಿದ್ದುದು ರೈಲ್ವೆ ನಿಲ್ದಾಣದಲ್ಲಿ. ಬಣ್ಣದ ದೀಪಗಳು ಮಿನುಗುವ ಆ ಯಂತ್ರದ ಮೇಲೆ ನಿಂತು ನಾಣ್ಯವೊಂದನ್ನು ಹಾಕಿದರೆ ಗಟ್ಟಿ ಕಾಗದದ ಚೀಟಿಯೊಂದು ಹೊರಬೀಳುತ್ತಿತ್ತು. ಅದರಲ್ಲಿ ದೇಹದ ತೂಕವೂ ಇರುತ್ತಿತ್ತು, ಜೊತೆಗೆ ಭವಿಷ್ಯವೂ ಇರುತ್ತಿತ್ತು! ಭವಿಷ್ಯವನ್ನು ಓದಿ ನಕ್ಕು ಬಿಟ್ಟವರು ಕೂಡ ತೂಕವನ್ನು ಮಾತ್ರ ಪೂರ್ಣವಾಗಿ ನಂಬಿದರು. ಅಂಥ ಯಂತ್ರಗಳು ಇಂದು ವಿರಳವಾಗಿವೆ. ಆದರೆ ತಕ್ಕಡಿಯ ಮೇಲಣ ನಂಬಿಕೆ ವಿರಳವಾಗಿಲ್ಲ. ಅದು ಔಷಧದ ಅಂಗಡಿಯ ಬಾಗಿಲಿಗೂ ಅನುಕೂಲಸ್ಥರ ಸ್ನಾನದ ಮನೆಗೂ ಬಂದು ನೆಲೆಸಿದೆ.

ಮುಳ್ಳು ಇಳಿದರೆ ಆರೋಗ್ಯ ಏರಿತು, ಮುಳ್ಳು ಏರಿದರೆ ಆರೋಗ್ಯ ಇಳಿಯಿತು, ಮುಳ್ಳು ನಿಂತಲ್ಲೇ ನಿಂತರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂಬುದು ಸಾಮಾನ್ಯರ ಎಣಿಕೆ. ಈ ಎಣಿಕೆಯಿಂದ ಎರಡು ಬಗೆಯ ಹಾನಿ ಸಂಭವಿಸುತ್ತದೆ. ಉತ್ಸಾಹದಿಂದ ನಡಿಗೆಯನ್ನೋ ವ್ಯಾಯಾಮವನ್ನೋ ಆರಂಭಿಸಿದವರು, ತಿಂಗಳೊಂದು ಕಳೆದರೂ ತೂಕ ಇಳಿಯಲಿಲ್ಲವೆಂದು ಅದನ್ನು ಕೈಬಿಡುತ್ತಾರೆ. ಇದು ಮೊದಲನೆಯದು. ತೂಕ ಮಿತಿಯಲ್ಲಿದೆಯೆಂಬ ಒಂದೇ ಕಾರಣಕ್ಕೆ ತಮಗೆ ಯಾವ ಅಪಾಯವೂ ಇಲ್ಲವೆಂದು ಸಣಕಲು ಮೈಯವರು ನಿಶ್ಚಿಂತರಾಗಿಬಿಡುತ್ತಾರೆ. ಇದು ಎರಡನೆಯದು. ನಮ್ಮ ಹೋಟೆಲ್ ಬಂಧುಗಳೂ ಗುಮಾಸ್ತ ಬಂಧುಗಳೂ ಈ ಎರಡನೆಯ ಹಾನಿಯನ್ನು ವಿಶೇಷವಾಗಿ ಗಮನಿಸತಕ್ಕದ್ದು.

ತೂಕವೆಂದರೆ ಏನು?

ಎಲುಬು, ಮಾಂಸಖಂಡ, ಕೊಬ್ಬು, ರಕ್ತ, ನೀರು, ಹೊಟ್ಟೆಯಲ್ಲಿರುವ ಅನ್ನ ಇವೆಲ್ಲವುಗಳ ಒಟ್ಟು ಭಾರ ಎಷ್ಟೆಂಬುದನ್ನಷ್ಟೇ ತಕ್ಕಡಿ ಬಲ್ಲದು. ಇವುಗಳಲ್ಲಿ ಯಾವುದು ಎಷ್ಟಿದೆ ಎಂಬುದು ಅದಕ್ಕೆ ತಿಳಿಯದು. ಒಲೆಯ ಮುಂದೆ ನಿಂತು ದುಡಿಯುವ ಅಡುಗೆಯವನ ಮೈಯಿಂದ ಒಂದು ಲೀಟರ್ ಬೆವರು ಇಳಿದರೆ ಒಂದು ಕಿಲೋ ತೂಕ ಇಳಿಯುತ್ತದೆ. ಅಷ್ಟೇ ನೀರನ್ನು ಕುಡಿದರೆ ಇಳಿದುದು ಮರಳಿ ಬರುತ್ತದೆ. ಉಪ್ಪು ಹೆಚ್ಚಾದ ಊಟ ಮಾಡಿದರೆ ದೇಹವು ನೀರನ್ನು ಹಿಡಿದಿಟ್ಟುಕೊಂಡು ಮರುದಿನ ಭಾರವಾಗುತ್ತದೆ. ಒಂದೇ ದಿನದಲ್ಲಿ ಒಂದೆರಡು ಕಿಲೋ ಹೆಚ್ಚುಕಡಿಮೆಯಾಗುವುದು ಸಹಜ. ಅನ್ನ, ಚಪಾತಿಗಳನ್ನು ಥಟ್ಟನೆ ಬಿಟ್ಟವರ ತೂಕವು ಮೊದಲ ವಾರದಲ್ಲಿ ಭರದಿಂದ ಇಳಿಯುವುದುಂಟು. ಆಗ ಇಳಿಯುವುದು ಬಹುಮಟ್ಟಿಗೆ ನೀರೇ ಹೊರತು ಕೊಬ್ಬಲ್ಲ.

ಮಾಂಸಖಂಡವು ಕೊಬ್ಬಿಗಿಂತ ಸಾಂದ್ರವಾದುದು. ತೂಕ ಸಮವಾದರೂ ಕೊಬ್ಬಿಗೆ ಹೆಚ್ಚು ಸ್ಥಳ ಬೇಕು. ಆದುದರಿಂದ ಎರಡು ಕಿಲೋ ಕೊಬ್ಬನ್ನು ಕರಗಿಸಿ ಎರಡು ಕಿಲೋ ಮಾಂಸಖಂಡವನ್ನು ಸಂಪಾದಿಸಿದವನ ತೂಕ ಇದ್ದಷ್ಟೇ ಇರುತ್ತದೆ. ಷರಾಯಿಯ ಸೊಂಟ ಮಾತ್ರ ಸಡಿಲವಾಗುತ್ತದೆ. ಇಡ್ಲಿಯ ಹಿಟ್ಟು ಹುದುಗಿತೇ ಇಲ್ಲವೇ ಎಂಬುದನ್ನು ಯಾವ ಭಟ್ಟರೂ ತಕ್ಕಡಿಯಲ್ಲಿಟ್ಟು ನೋಡುವುದಿಲ್ಲ. ಉಬ್ಬಿದೆಯೆ, ಸೌಟಿಗೆ ಹಗುರವಾಗಿದೆಯೆ, ಹದವಾದ ಹುಳಿಯ ವಾಸನೆ ಬಂದಿದೆಯೆ ಎಂದು ನೋಡುತ್ತಾರೆ. ದೇಹದ ಪರೀಕ್ಷೆಯೂ ಹಾಗೆಯೇ ನಡೆಯಬೇಕು.

ಎತ್ತರಕ್ಕೆ ತಕ್ಕ ತೂಕವನ್ನು ಲೆಕ್ಕ ಹಾಕುವ ಸೂತ್ರವೊಂದು ಎಲ್ಲ ದವಾಖಾನೆಗಳ ಗೋಡೆಗಳಲ್ಲಿಯೂ ತೂಗಾಡುತ್ತಿದೆ. ಇದರ ಮೂಲಪುರುಷ ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ದೇಶದ ಅಡಾಲ್ಫ್ ಕೆಟೆಲೆ. ಆತ ವೈದ್ಯನಲ್ಲ, ಖಗೋಳಜ್ಞ ಮತ್ತು ಗಣಿತಜ್ಞ. ಜನಸಮುದಾಯದ ಸರಾಸರಿ ಮನುಷ್ಯನ ಸ್ವರೂಪವನ್ನು ತಿಳಿಯುವುದು ಆತನ ಉದ್ದೇಶವಾಗಿತ್ತೇ ಹೊರತು, ಒಬ್ಬ ವ್ಯಕ್ತಿಯ ಆರೋಗ್ಯವನ್ನು ತೀರ್ಮಾನಿಸುವುದಲ್ಲ. ಬಿ.ಎಂ.ಐ. ಎಂಬ ಹೆಸರು ಅದಕ್ಕೆ ಬಂದುದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯಿಂದ.

ಇಬ್ಬರು ವೈದ್ಯರ ಚಿತ್ರ

ಈ ಸೂತ್ರದ ಮಿತಿಯನ್ನು ತೋರಿಸಿಕೊಟ್ಟವರಲ್ಲಿ ಪುಣೆಯ ವೈದ್ಯರೊಬ್ಬರು ಪ್ರಮುಖರು. ಡಾ. ಚಿತ್ತರಂಜನ್ ಯಾಜ್ಞಿಕರೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ನರೂ ಪಕ್ಕಪಕ್ಕದಲ್ಲಿ ನಿಂತ ಚಿತ್ರವೊಂದನ್ನು 'ಲ್ಯಾನ್ಸೆಟ್' ವೈದ್ಯಪತ್ರಿಕೆ 2004ರಲ್ಲಿ ಪ್ರಕಟಿಸಿತು. ಸೂತ್ರದ ಪ್ರಕಾರ ಇಬ್ಬರೂ ಒಂದೇ. ಇಬ್ಬರ ಅಂಕವೂ 22.3. ಆದರೆ ದೇಹದಲ್ಲಿರುವ ಕೊಬ್ಬನ್ನು ಅಳೆದಾಗ ಇಂಗ್ಲೆಂಡಿನ ವೈದ್ಯರಲ್ಲಿ ಅದು ಶೇಕಡಾ 9.1ರಷ್ಟಿತ್ತು, ಭಾರತದ ವೈದ್ಯರಲ್ಲಿ ಶೇಕಡಾ 21.2ರಷ್ಟಿತ್ತು! ತೆಳ್ಳಗೆ ಕಾಣುವ ಭಾರತೀಯನ ಮೈಯಲ್ಲಿ ಕೊಬ್ಬು ಅಡಗಿ ಕುಳಿತಿರುವುದುಂಟು. ಅದರಲ್ಲಿಯೂ ಹೊಟ್ಟೆಯೊಳಗೆ ಸೇರುವ ಕೊಬ್ಬು ಸಕ್ಕರೆ ರೋಗಕ್ಕೂ ಹೃದ್ರೋಗಕ್ಕೂ ದಾರಿ ಮಾಡಿಕೊಡುತ್ತದೆ ಎಂಬುದೇ ಇದರ ತಾತ್ಪರ್ಯ.

ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಗಲ್ಲಾದ ಹಿಂದೆ ಹತ್ತು ಗಂಟೆ ಕುಳಿತವರಲ್ಲಿಯೂ ಕಚೇರಿಯ ಮೇಜಿಗೆ ಅಂಟಿಕೊಂಡವರಲ್ಲಿಯೂ ಈ ರೂಪವನ್ನು ನಾವು ದಿನನಿತ್ಯ ಕಾಣುತ್ತೇವೆ. ಹದಿನೆಂಟರ ಹರೆಯದಲ್ಲಿ ಊರು ಬಿಟ್ಟು ಬಂದವನು ನಲವತ್ತೈದರಲ್ಲಿ ಔಷಧದ ಚೀಲ ಹಿಡಿದು ಊರಿಗೆ ಮರಳುವಂತಾದರೆ, ಅಷ್ಟು ವರ್ಷ ದುಡಿದು ಮನೆಗೆ ಕಳುಹಿಸಿದ ಹಣಕ್ಕೆ ಏನು ಅರ್ಥ ಬಂತು?

ಬಸ್ಸಿನ ಮೆಟ್ಟಿಲು ಕಲಿಸಿದ ಪಾಠ

ಲಂಡನ್ನಿನ ಡಾ. ಜೆರೆಮಿ ಮಾರಿಸ್ ಎಂಬವರು 1953ರಲ್ಲಿ ಪ್ರಕಟಿಸಿದ ಸಂಶೋಧನೆಯು ದುಡಿಯುವ ವರ್ಗದವರೆಲ್ಲ ತಿಳಿದಿರಬೇಕಾದುದು. ಆ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನೂ ಕಂಡಕ್ಟರನೂ ಒಂದೇ ಸಂಸ್ಥೆಯ ನೌಕರರು. ಚಾಲಕ ದಿನವಿಡೀ ಕುಳಿತಿರುವವನು. ಕಂಡಕ್ಟರನಾದರೋ ಟಿಕೇಟು ಕೊಡಲು ದಿನಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತುವವನು. ಕಂಡಕ್ಟರರಲ್ಲಿ ಹೃದ್ರೋಗವು ಚಾಲಕರಲ್ಲಿದ್ದುದಕ್ಕಿಂತ ಕಡಿಮೆಯೆಂದೂ, ಬಂದರೂ ತಡವಾಗಿ, ಸೌಮ್ಯವಾಗಿ ಬರುವುದೆಂದೂ ಮಾರಿಸರು ಕಂಡುಕೊಂಡರು. ಅಂಚೆಯವರಿಗೂ ಕುಳಿತು ಕೆಲಸ ಮಾಡುವ ಗುಮಾಸ್ತರಿಗೂ ಇದೇ ಬಗೆಯ ಅಂತರ ಕಂಡುಬಂತು.

ಚಾಲಕರು ಮೊದಲೇ ಸ್ಥೂಲಕಾಯರಾಗಿದ್ದಿರಬಹುದಲ್ಲವೇ ಎಂಬ ಪ್ರಶ್ನೆ ಎದ್ದಿತು. ಆಗ ಮಾರಿಸರ ಬಳಗದವರು ಸಾರಿಗೆ ಸಂಸ್ಥೆ ಹೊಲಿಸಿ ಕೊಟ್ಟ ಸಮವಸ್ತ್ರಗಳ ಸೊಂಟದ ಅಳತೆಗಳನ್ನು ತರಿಸಿ ನೋಡಿದರು. ಚಾಲಕರ ಸೊಂಟ ದೊಡ್ಡದಾಗಿದ್ದುದು ನಿಜವೇ. ಆದರೆ ತೆಳ್ಳಗಿನವರಾಗಲಿ ದಪ್ಪನೆಯವರಾಗಲಿ, ಸಮಾನ ಮೈಕಟ್ಟಿನವರನ್ನು ಹೋಲಿಸಿದಾಗಲೂ ಕಂಡಕ್ಟರರ ಸ್ಥಿತಿಯೇ ಮೇಲಾಗಿತ್ತು. ಹತ್ತಿದ ಮೆಟ್ಟಿಲು ತೂಕವನ್ನು ಇಳಿಸಲಿ ಬಿಡಲಿ, ಹೃದಯಕ್ಕಂತೂ ಉಪಕಾರ ಮಾಡಿತ್ತು. ತಾವು ಸಾರಿದುದನ್ನು ಸ್ವತಃ ಪಾಲಿಸಿದ ಮಾರಿಸರು 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ಮುಳ್ಳು ದಾರಿ ತಪ್ಪಿಸುವ ಸಂದರ್ಭ

ಬೀಡಿ, ಸಿಗರೇಟುಗಳನ್ನು ಬಿಟ್ಟವರ ತೂಕ ಕೆಲವು ಕಿಲೋ ಹೆಚ್ಚುವುದು ಸಾಮಾನ್ಯ. ತಕ್ಕಡಿಯನ್ನು ಕೇಳಿದರೆ ಆತ ಕೆಟ್ಟನೆಂದೇ ಹೇಳೀತು. ಆದರೆ ಧೂಮಪಾನ ಬಿಟ್ಟು ಒಂದು ವರ್ಷವಾಗುವುದರೊಳಗೆ ಹೃದ್ರೋಗದ ಅಪಾಯವು ಸೇದುವವನಿಗಿರುವುದರ ಅರ್ಧದಷ್ಟಕ್ಕೆ ಇಳಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕಿಂತ ದೊಡ್ಡ ಪ್ರಗತಿ ಯಾವುದಿದೆ?

ಇದಕ್ಕೆ ವಿರುದ್ಧವಾಗಿ, ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿಯುತ್ತಿದ್ದರೆ ಸಂತೋಷಪಡುವುದು ಸಲ್ಲದು. ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಮಲಗುವ ನಮ್ಮ ಹುಡುಗರಲ್ಲಿ ಅದು ಕ್ಷಯದ ಸೂಚನೆಯಾಗಿರಬಹುದು. ಅತಿಯಾದ ಬಾಯಾರಿಕೆಯೂ ಮೂತ್ರಬಾಧೆಯೂ ಜೊತೆಗಿದ್ದರೆ ಸಕ್ಕರೆ ರೋಗವಾಗಿರಬಹುದು. ಎರಡು ವಾರಕ್ಕೂ ಮಿಕ್ಕ ಕೆಮ್ಮು ಇದ್ದವರು ಸರಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಲ್ಲಿ ಪರೀಕ್ಷೆಯೂ ಔಷಧವೂ ಉಚಿತ.

ನಮ್ಮ ಕೈಯಲ್ಲಿರುವ ಅಳತೆಗೋಲುಗಳು

ಹಾಗಾದರೆ ಪ್ರಗತಿಯನ್ನು ತಿಳಿಯುವ ಬಗೆ ಹೇಗೆ? ನಮ್ಮ ಗರಡಿಮನೆಗಳ ಉಸ್ತಾದರು ಶಿಷ್ಯನನ್ನು ತಕ್ಕಡಿಗೆ ಹತ್ತಿಸಿ ನೋಡಲಿಲ್ಲ. ಎಷ್ಟು ದಂಡ, ಎಷ್ಟು ಬಸ್ಕಿ, ಎಷ್ಟು ಹೊತ್ತಿಗೆ ಉಸಿರು ಹತೋಟಿಗೆ ಬಂತು ಎಂದು ನೋಡಿದರು. ಅದೇ ಮಾರ್ಗದಲ್ಲಿ, ಹೆಚ್ಚು ಖರ್ಚಿಲ್ಲದ ಕೆಲವು ಪರೀಕ್ಷೆಗಳನ್ನು ಇಲ್ಲಿ ಹೇಳಬಹುದು.

ಮೊದಲನೆಯದು ದಾರ. ನಿಮ್ಮ ಎತ್ತರದಷ್ಟು ಉದ್ದದ ದಾರವನ್ನು ಕತ್ತರಿಸಿ, ಎರಡಾಗಿ ಮಡಚಿ, ಸೊಂಟಕ್ಕೆ ಸುತ್ತಿ ನೋಡಿರಿ. ತುದಿಗಳು ಕೂಡಿದರೆ ಒಳ್ಳೆಯದು. ಕೂಡದಿದ್ದರೆ ಎಷ್ಟು ಬೆರಳಿನ ಅಂತರವೆಂದು ಬರೆದಿಟ್ಟುಕೊಳ್ಳಿರಿ. ಭಾರತೀಯ ಪುರುಷರ ಸೊಂಟ 90 ಸೆಂಟಿಮೀಟರನ್ನೂ ಸ್ತ್ರೀಯರ ಸೊಂಟ 80 ಸೆಂಟಿಮೀಟರನ್ನೂ ಮೀರಬಾರದೆಂಬುದು ವೈದ್ಯರ ಅಭಿಮತ.

ಎರಡನೆಯದು ಮೆಟ್ಟಿಲು. ಈ ಮಹಾನಗರಗಳಲ್ಲಿ ಮೆಟ್ಟಿಲುಗಳಿಗೆ ಬರವಿಲ್ಲ. ದಾದರಿನ ರೈಲ್ವೆ ಸೇತುವೆಯಾಗಲಿ, ಪುಣೆಯ ಪರ್ವತಿ ಗುಡ್ಡವಾಗಲಿ, ಒಂದೇ ಏರನ್ನು ಗೊತ್ತುಮಾಡಿಕೊಂಡು, ಎಷ್ಟು ಸಲ ನಿಂತಿರಿ, ಮೇಲೆ ತಲುಪಿದೊಡನೆ ಮಾತನಾಡಲು ಸಾಧ್ಯವಾಯಿತೇ ಎಂದು ನೋಡಿರಿ. ಎರಡು ತಿಂಗಳ ಬಳಿಕ ಮತ್ತೆ ನೋಡಿರಿ. ಹತ್ತುವಾಗ ಎದೆ ಹಿಡಿದಂತಾದರೆ ಮಾತ್ರ ಅದನ್ನು ಪರೀಕ್ಷೆಯೆಂದು ಮುಂದುವರಿಸದೆ ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಮೂರನೆಯದು ನಾಡಿ. ಬೆಳಗ್ಗೆ ಎದ್ದೊಡನೆ, ಚಹಾ ಕುಡಿಯುವ ಮುನ್ನ, ಒಂದು ನಿಮಿಷ ಎಣಿಸಿರಿ. ವಿಶ್ರಾಂತಿಯಲ್ಲಿ 60ರಿಂದ 100ರ ವರೆಗಿನ ಬಡಿತ ಸಾಮಾನ್ಯ. ಕೆಲವು ತಿಂಗಳ ನಡಿಗೆಯಿಂದ 84 ಇದ್ದುದು 74ಕ್ಕೆ ಇಳಿದರೆ, ವಿಶ್ರಾಂತಿಯಲ್ಲಿರುವ ಹೃದಯಕ್ಕೆ ಗಂಟೆಗೆ 600 ಬಡಿತಗಳ ದುಡಿಮೆ ಉಳಿಯಿತೆಂದು ಅರ್ಥ. ಗಲ್ಲಾದಲ್ಲಿ ಕುಳಿತವರಿಗೆ ಈ ಉಳಿತಾಯದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ನೆಲ. ಚಕ್ಕಳಮಕ್ಕಳ ಹಾಕಿ ಕುಳಿತು, ಕೈಯೂರದೆ ಏಳಲು ಸಾಧ್ಯವೇ? ಪಂಕ್ತಿಯಲ್ಲಿ ಕುಳಿತು ಉಂಡ ನಮ್ಮ ಹಿರಿಯರಿಗೆ ಇದು ಸಹಜವಾಗಿತ್ತು. ಇದೇ ಪರೀಕ್ಷೆಯನ್ನು ಬ್ರೆಜಿಲ್ ದೇಶದ ವೈದ್ಯರು 51ರಿಂದ 80 ವಯಸ್ಸಿನ ಎರಡು ಸಾವಿರ ಜನರಲ್ಲಿ ಮಾಡಿ, ಸುಲಭವಾಗಿ ಎದ್ದವರಲ್ಲಿ ಮುಂದಿನ ವರ್ಷಗಳ ಮರಣ ಕಡಿಮೆಯೆಂದು ಕಂಡರು.

ಐದನೆಯದು ದವಾಖಾನೆಯ ಅಂಕೆಗಳು. ರಕ್ತದ ಒತ್ತಡ 140/90ಕ್ಕೆ ತಲುಪಿದ್ದರೆ ಹೆಚ್ಚಿನದೆಂದೇ ತಿಳಿಯಬೇಕು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಪರೀಕ್ಷೆಯಲ್ಲಿ 5.7ರ ಒಳಗಿದ್ದರೆ ಕ್ಷೇಮ, 6.5 ಮುಟ್ಟಿದರೆ ಸಕ್ಕರೆ ರೋಗ. ಈ ಅಂಕೆಗಳು ಇಳಿಮುಖವಾಗಿದ್ದರೆ ತಕ್ಕಡಿ ಏನೇ ಹೇಳಲಿ, ನಿಮ್ಮದು ಸರಿದಾರಿ. ಆದರೆ ಅಂಕೆ ಇಳಿಯಿತೆಂದು ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಕೂಡದು.

ಚಹಾದ ಲೆಕ್ಕವೂ ಒಂದು ಅಳತೆಗೋಲೇ. ದಿನಕ್ಕೆ ಎಂಟು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ, ಚಮಚಕ್ಕೆ ನಾಲ್ಕು ಗ್ರಾಮಿನಂತೆ 64 ಗ್ರಾಂ ಆಯಿತು. ನಾಲ್ಕು ಕಪ್ಪು, ಒಂದೊಂದೇ ಚಮಚವೆಂದು ನಿಶ್ಚಯಿಸಿದರೆ 16 ಗ್ರಾಂ. ಈ ಗೆಲುವನ್ನು ಅಂದೇ ಸಂಜೆ ಬರೆದಿಡಬಹುದು.

ದುಡಿಮೆಗಾರರ ಆಕ್ಷೇಪ

"ಬೆಳಗಿನಿಂದ ರಾತ್ರಿಯವರೆಗೆ ಮೇಜಿನಿಂದ ಮೇಜಿಗೆ ಓಡಾಡುವ ನಮಗೆ ಇನ್ನೆಂಥ ವ್ಯಾಯಾಮ?" ಎಂದು ಮಾಣಿಗಳು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು 2020ರಲ್ಲಿ ಹೇಳಿದ ವಿಶ್ವ ಆರೋಗ್ಯ ಸಂಸ್ಥೆಯು, ತುಣುಕು ತುಣುಕಾದ ಚಲನೆಯೂ ಲೆಕ್ಕಕ್ಕೆ ಸೇರುತ್ತದೆಂದು ಒಪ್ಪಿದೆ. ಆದುದರಿಂದ ಬಡಿಸುವವನ ನಡಿಗೆ ವ್ಯರ್ಥವಲ್ಲ. ಅವನಿಗೆ ಕೊರತೆಯಾಗಿರುವುದು ನಿದ್ದೆ, ಹೊತ್ತಿಗೆ ಸರಿಯಾದ ಊಟ, ಕಾಲುಗಳಿಗೆ ವಿಶ್ರಾಂತಿ. ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಏಳುವವನಿಗೆ ಏಳು ಗಂಟೆಯ ನಿದ್ದೆ ದೊರೆಯುವಂತಾದರೆ ಅದೇ ಅವನ ಪಾಲಿನ ಮಹಾ ಪ್ರಗತಿ. ಈ ವಿಷಯದಲ್ಲಿ ಹೊಣೆ ನೌಕರನದಲ್ಲ, ಮಾಲಿಕನದು. ಪಾಳಿಯನ್ನು ಸರಿಯಾಗಿ ಹಂಚಿ, ಗಿರಾಕಿಗಳ ಗದ್ದಲ ಕಡಿಮೆಯಾಗುವ ಹೊತ್ತಿನಲ್ಲಿ ಹುಡುಗರನ್ನು ಕೂರಿಸಿ ಬಿಸಿ ಊಟ ಬಡಿಸಿದರೆ ಹೋಟೆಲಿಗೆ ನಷ್ಟವೇನೂ ಬಾರದು.

ಗುಮಾಸ್ತರಿಗೂ ಗಲ್ಲಾದವರಿಗೂ ಬೇಕಾದುದು ನಡಿಗೆ. ಮಾತನಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ ಸಾಕು. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆದರೆ 150 ನಿಮಿಷ ತುಂಬುತ್ತದೆ. ಮುಂಬಯಿಯವರಿಗೆ ಶಿವಾಜಿ ಪಾರ್ಕ್ ಇದೆ, ಮದರಾಸಿನವರಿಗೆ ಮರೀನಾ ಇದೆ, ಹೈದರಾಬಾದಿನವರಿಗೆ ಟ್ಯಾಂಕ್ ಬಂಡ್ ಇದೆ, ದಿಲ್ಲಿಯವರಿಗೆ ಲೋಧಿ ಉದ್ಯಾನವಿದೆ. ಇವು ಯಾವುವೂ ಹತ್ತಿರವಿಲ್ಲದವರು ಒಂದು ನಿಲ್ದಾಣ ಮುಂಚಿತವಾಗಿ ಇಳಿದು ನಡೆಯಬಹುದು.

ಹಿಗ್ಗನ್ನು ಹಂಚಿಕೊಳ್ಳೋಣ

ಸಾಧನೆಯನ್ನು ಗುರುತಿಸದಿದ್ದರೆ ಉತ್ಸಾಹ ಬತ್ತುತ್ತದೆ. ಸಕ್ಕರೆ ಇಳಿಯಿತೆಂದು ಜಿಲೇಬಿ ಹಂಚುವುದು ನಗೆಪಾಟಲು, ಬೇರೆ ಮಾರ್ಗಗಳಿವೆ. ಕೋಣೆಯ ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಗಳಿಗೆ ಗುರುತು ಹಾಕಿರಿ. ಮೂರು ತಿಂಗಳು ತಪ್ಪದೆ ನಡೆದವನಿಗೆ ಕೋಣೆಯ ಸ್ನೇಹಿತರು ಕೂಡಿ ಒಂದು ಜೊತೆ ಬೂಟು ಕೊಡಿಸಲಿ. ವಾರ್ಷಿಕೋತ್ಸವಗಳಲ್ಲಿ ಶಾಲು ಹೊದೆಸುವ ನಮ್ಮ ಸಂಘಗಳು, ಒಂದು ವರ್ಷ ತಂಬಾಕು ಮುಟ್ಟದ ನೌಕರನೊಬ್ಬನನ್ನು ವೇದಿಕೆಗೆ ಕರೆದು ಒಂದು ಹಾರ ಹಾಕಲಿ. ಆ ಹಾರಕ್ಕಿಂತ ಯೋಗ್ಯವಾದ ಹಾರ ಆ ದಿನ ಇನ್ನೊಂದಿರಲಾರದು.

ಊರಿನಿಂದ ಫೋನಿನಲ್ಲಿ ತಾಯಿ ಕೇಳುವ ಮೊದಲ ಪ್ರಶ್ನೆ, "ಸೊರಗಿದ್ದೀಯಾ ಮಗಾ?" ಎಂಬುದು. ಆಕೆಗೆ ಕಿಲೋಗಳ ಲೆಕ್ಕ ಬೇಕಿಲ್ಲ. "ಇಲ್ಲಮ್ಮಾ, ಈಗ ಸೇತುವೆ ಹತ್ತಿದರೆ ಏದುಸಿರು ಬರುವುದಿಲ್ಲ; ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ; ಬೀಡಿ ಬಿಟ್ಟು ಆರು ತಿಂಗಳಾಯಿತು" ಎಂದು ಹೇಳುವಂತಾಗಲಿ. ಹಾಗೆ ಹೇಳಬಲ್ಲ ಮಕ್ಕಳು ನಮ್ಮ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ಹೆಚ್ಚಲಿ ಎಂಬುದೇ ನಮ್ಮ ಹಾರೈಕೆ.