ಕಥೆಗೆ ಒಡೆಯರಿದ್ದಾಗ: ಪರವಾನಗಿಯ ಆಟಗಳೂ ಅಭಿಮಾನಿಗಳ ಸೃಷ್ಟಿಯೂ

ತಾಳಮದ್ದಳೆಯಲ್ಲಿ ಪ್ರಸಂಗ ನಿಶ್ಚಿತ, ಭಾಗವತರ ಪದ್ಯವೂ ನಿಶ್ಚಿತ. ಕರ್ಣನು ಕೊನೆಗೆ ಮಡಿಯಲೇಬೇಕು. ಆದರೆ ಮಡಿಯುವ ಮುನ್ನ ಅವನೇನು ವಾದಿಸುತ್ತಾನೆಂಬುದು ಅರ್ಥಧಾರಿಯ ಪ್ರತಿಭೆಗೆ ಬಿಟ್ಟದ್ದು. ಪಾಶ್ಚಾತ್ಯರ ‘ರೋಲ್ ಪ್ಲೇಯಿಂಗ್ ಗೇಮ್’ ಎಂಬ ಆಟವನ್ನು ಕಾಸರಗೋಡಿನ ಓದುಗರಿಗೆ ತಿಳಿಸಲು ಇದಕ್ಕಿಂತ ಸಮೀಪದ ಹೋಲಿಕೆ ನನಗೆ ತೋಚದು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಒಬ್ಬರು ಸನ್ನಿವೇಶವನ್ನು ವಿವರಿಸುತ್ತಾರೆ. ನಿಯಮಪುಸ್ತಕ ಹಾಗೂ ದಾಳಗಳ ನೆರವಿನಿಂದ ಕಥೆ ಬೆಳೆಯುತ್ತದೆ. ವ್ಯತ್ಯಾಸವಿಷ್ಟೆ: ಮಹಾಭಾರತಕ್ಕೆ ಒಡೆಯರಿಲ್ಲ, ಅಲ್ಲಿನ ಜನಪ್ರಿಯ ಕಥಾಲೋಕಗಳಿಗೆ ಕಂಪನಿಗಳೇ ಒಡೆಯರು.

ಅಂತಹ ಲೋಕವನ್ನು ಆಟವಾಗಿಸಬಯಸುವ ಪ್ರಕಾಶಕರು ಒಡೆಯರಿಂದ ಪರವಾನಗಿ ಪಡೆಯಬೇಕು. ಅದಕ್ಕೆ ಶುಲ್ಕವುಂಟು, ಅವಧಿಯುಂಟು. ಹಸ್ತಪ್ರತಿಗೂ ಚಿತ್ರಗಳಿಗೂ ಒಪ್ಪಿಗೆ ಬೇಕು. ಅವಧಿ ಮುಗಿದರೆ ವರ್ಷಗಟ್ಟಲೆ ದುಡಿದು ಬರೆದ ಪುಸ್ತಕಗಳನ್ನು ಪುನಃ ಮುದ್ರಿಸುವಂತಿಲ್ಲ.

ಅಮೆರಿಕದ ‘ಸ್ಟಾರ್ ಟ್ರೆಕ್’ ದೂರದರ್ಶನ ಸರಣಿಯ ಆಟವನ್ನು ‘ಫಾಸಾ’ ಸಂಸ್ಥೆಯು 1982ರಲ್ಲಿ ಹೊರತಂದಿತು. ಸರಣಿಯಲ್ಲಿ ಕ್ಲಿಂಗಾನ್ ಎಂಬ ಅನ್ಯಗ್ರಹದ ಜನಾಂಗವು ಬಹುಮಟ್ಟಿಗೆ ಖಳರ ಗುಂಪಾಗಿಯೇ ಉಳಿದಿತ್ತು. ಲೇಖಕ ಜಾನ್ ಎಂ. ಫೋರ್ಡ್ ಅವರು ಆಟದ ಪುಸ್ತಕದಲ್ಲಿಯೂ 1984ರ ತಮ್ಮ ಕಾದಂಬರಿಯಲ್ಲಿಯೂ ಆ ಜನಾಂಗಕ್ಕೊಂದು ಸಮಾಜವನ್ನು, ಆಚಾರವಿಚಾರಗಳನ್ನು ಕಟ್ಟಿಕೊಟ್ಟರು. ಆದರೆ 1987ರಲ್ಲಿ ಆರಂಭವಾದ ಹೊಸ ಸರಣಿಯು ಬೇರೆಯದೇ ಬಗೆಯ ಕ್ಲಿಂಗಾನರನ್ನು ತೋರಿಸಿತು. 1989ರಲ್ಲಿ ಪ್ಯಾರಾಮೌಂಟ್ ಕಂಪನಿಯು ಪರವಾನಗಿಯನ್ನೇ ಹಿಂತೆಗೆದುಕೊಂಡಿತು.

ಒಡೆಯರೆಲ್ಲರೂ ಹೀಗೆಯೇ ಎನ್ನಲಾಗದು. ‘ಸ್ಟಾರ್ ವಾರ್ಸ್’ ಆಟವನ್ನು 1987ರಲ್ಲಿ ‘ವೆಸ್ಟ್ ಎಂಡ್ ಗೇಮ್ಸ್’ ಪ್ರಕಟಿಸಿತು. ಕಾದಂಬರಿಕಾರ ಟಿಮೊಥಿ ಜಾನ್ ಅವರು 1991ರ ತಮ್ಮ ಕಾದಂಬರಿಯನ್ನು ಬರೆಯುವಾಗ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯೇ ಈ ಆಟದ ಪುಸ್ತಕಗಳನ್ನು ಆಕರವಾಗಿ ಒದಗಿಸಿತು. ಚಲನಚಿತ್ರದಲ್ಲಿ ಹೆಸರಿಲ್ಲದೆ ಸುಳಿದುಹೋಗಿದ್ದ ಜೀವಿಗಳಿಗೆ ಆಟದ ಲೇಖಕರಿಟ್ಟ ‘ಟ್ವಿಲೆಕ್’, ‘ರೋಡಿಯನ್’ ಎಂಬ ಹೆಸರುಗಳು ಇಂದು ಅಧಿಕೃತವಾಗಿವೆ. ಅತಿಥಿಯು ಮನೆಯನ್ನು ಬೆಳೆಸಿದ ಉದಾಹರಣೆಯಿದು.

ಅಭಿಮಾನಿಗಳಿಗಾದರೋ ಪರವಾನಗಿಯೂ ಇಲ್ಲ. ‘ಆಕ್ಸನಾರ್’ ಎಂಬ ಸ್ಟಾರ್ ಟ್ರೆಕ್ ಅಭಿಮಾನಿ ಚಿತ್ರಕ್ಕೆ ಸಾರ್ವಜನಿಕರಿಂದ ಹತ್ತು ಲಕ್ಷ ಡಾಲರಿಗೂ ಮಿಗಿಲಾಗಿ ಹಣ ಸಂಗ್ರಹವಾದಾಗ, 2015ರ ಡಿಸೆಂಬರಿನಲ್ಲಿ ಪ್ಯಾರಾಮೌಂಟ್ ಹಾಗೂ ಸಿಬಿಎಸ್ ದಾವೆ ಹೂಡಿದವು. ಅಷ್ಟು ಹಣ ಕೂಡಿದ ಬಳಿಕ ಒಡೆಯರು ಬೆದರಿದ್ದು ಅಸಹಜವೇನಲ್ಲ. ಆದರೆ 2016ರಲ್ಲಿ ಅವರು ಎಲ್ಲ ಅಭಿಮಾನಿಗಳಿಗೂ ವಿಧಿಸಿದ ನಿಯಮಗಳನ್ನು ನೋಡಿರಿ: ಒಂದು ಕಥೆ 15 ನಿಮಿಷ ಮೀರಬಾರದು, ಎರಡು ಭಾಗಗಳಾದರೆ ಒಟ್ಟು 30 ನಿಮಿಷ, ಮುಂದಿನ ಕಂತುಗಳು ಕೂಡದು, 50,000 ಡಾಲರಿಗಿಂತ ಹೆಚ್ಚು ಹಣ ಸಂಗ್ರಹಿಸಕೂಡದು, ನಟರಿಗೆ ಸಂಭಾವನೆ ಸಲ್ಲದು, ಮಾರುಕಟ್ಟೆಯಿಂದ ಕೊಂಡ ಸ್ಟಾರ್ ಟ್ರೆಕ್ ಸಮವಸ್ತ್ರವನ್ನು ಬಳಸುವುದಾದರೆ ಅದು ಅಧಿಕೃತ ಸರಕೇ ಆಗಿರಬೇಕು! ಇದರಲ್ಲಿ ಕಥೆಯ ರಕ್ಷಣೆಗಿಂತ ಅಂಗಡಿಯ ರಕ್ಷಣೆಯೇ ಎದ್ದು ಕಾಣುತ್ತದೆ.

ನಮ್ಮ ಮಕ್ಕಳೂ ಚಲನಚಿತ್ರ, ಕಾರ್ಟೂನ್‌ಗಳ ನಾಯಕರನ್ನು ಶಾಲಾ ವಾರ್ಷಿಕೋತ್ಸವದ ನಾಟಕಗಳಿಗೆ ಕರೆತರುವುದುಂಟು. ಪಾಲಕರು ಅಂಜಬೇಕಾಗಿಲ್ಲ. ಶಿಕ್ಷಕರೂ ವಿದ್ಯಾರ್ಥಿಗಳೂ ಶಾಲೆಯ ಚಟುವಟಿಕೆಯಾಗಿ, ಪಾಲಕರು ಮತ್ತು ಶಾಲೆಗೆ ಸಂಬಂಧಿಸಿದವರ ಮುಂದೆ ಮಾತ್ರ ಕೃತಿಯೊಂದನ್ನು ಪ್ರದರ್ಶಿಸಿದರೆ, ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನ ಪ್ರಕಾರ ಅದು ಉಲ್ಲಂಘನೆಯಲ್ಲ. ಅದೇ ನಾಟಕದ ವೀಡಿಯೊವನ್ನು ಯೂಟ್ಯೂಬಿಗೆ ಏರಿಸಿದರೆ ಈ ವಿನಾಯಿತಿ ಒದಗದು. ಏರಿಸುವ ಮುನ್ನ ಶಾಲೆಯಲ್ಲೊಮ್ಮೆ ವಿಚಾರಿಸಿಕೊಳ್ಳುವುದು ಲೇಸು.