ಕ್ಯಾನ್ಸರ್ ಚಿಕಿತ್ಸೆಯ ನಂತರದ ಆರೈಕೆ: ಎಟುಕು ಮತ್ತು ಗುಣಮಟ್ಟ

ಕ್ಯಾನ್ಸರ್ ಚಿಕಿತ್ಸೆ ಮುಗಿದವರಿಗೆ ಮುಂದಿನ ವರ್ಷಗಳಲ್ಲಿ ಬೇಕಾಗುವ ಆರೈಕೆ ಎಂದರೆ ಬರೀ ರೋಗ ಮರುಕಳಿಸಿದೆಯೇ ಎಂದು ನೋಡುವುದಲ್ಲ. ಚಿಕಿತ್ಸೆಯೇ ಉಳಿಸಿಹೋದ ತೊಂದರೆಗಳೂ ಅದರ ಪಾಲಿಗೆ ಬರುತ್ತವೆ. ಸ್ತನ ಕ್ಯಾನ್ಸರಿಗಾಗಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆಸಿಕೊಂಡವರ ತೋಳು ವರ್ಷಗಳ ನಂತರ ಬಾತುಕೊಳ್ಳಬಹುದು. ಡಾಕ್ಸೊರುಬಿಸಿನ್ ಔಷಧ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು. ಬಾಯಿ ಕ್ಯಾನ್ಸರಿಗೆ ರೇಡಿಯೇಷನ್ ಪಡೆದವರಿಗೆ ಬಾಯಿ ಅಗಲಿಸಿ ತೆರೆಯುವುದೇ ಕಷ್ಟವಾಗಬಹುದು, ಹಲ್ಲು ಬೇಗ ಹುಳುಕಾಗಬಹುದು. ಕುತ್ತಿಗೆಗೂ ವಿಕಿರಣ ಬಿದ್ದಿದ್ದರೆ ಥೈರಾಯ್ಡ್ ಮಂದವಾಗಬಹುದು. ರೋಗ ಮತ್ತೆ ಬಂದೀತೆಂಬ ಭಯ, ಚಿಕಿತ್ಸೆಗೆ ಮಾಡಿದ ಸಾಲ, ಬಿಟ್ಟುಹೋದ ಕೆಲಸ ಇವೂ ಈ ಲೆಕ್ಕಕ್ಕೇ ಸೇರುತ್ತವೆ.

ಸ್ವತಃ ಕ್ಯಾನ್ಸರಿಗೆ ತುತ್ತಾಗಿದ್ದ ಅಮೆರಿಕದ ವೈದ್ಯ ಫಿಟ್ಸ್‌ಹ್ಯೂ ಮುಲ್ಲನ್ 1985ರಲ್ಲಿ ಬರೆದ ಲೇಖನದಿಂದ ಈ ಕಾಲಘಟ್ಟಕ್ಕೆ ವೈದ್ಯಲೋಕದ ಗಮನ ಹರಿಯಿತು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2005ರ ಕೊನೆಗೆ ಹೊರತಂದ ವರದಿ ಒಂದು ಉಪಾಯ ಸೂಚಿಸಿತು: ಯಾವ ಚಿಕಿತ್ಸೆ ನಡೆಯಿತು, ಮುಂದೆ ಯಾವ ತಪಾಸಣೆ ಯಾವಾಗ ಎಂಬುದನ್ನು ಬರೆದು ಪ್ರತಿ ರೋಗಿಯ ಕೈಗೂ ಕೊಡಬೇಕು. 2012ರ ಹೊತ್ತಿಗೆ ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಗಳ ಮಾನ್ಯತೆಯ ನಿಯಮಗಳಲ್ಲೂ ಈ ಆರೈಕೆ ಯೋಜನೆ ಸೇರಿತು. ಎಷ್ಟು ರೋಗಿಗಳಿಗೆ ಕಾಗದ ಕೊಡಲಾಯಿತು ಎಂದು ಎಣಿಸುವುದು ಸುಲಭ, ಅದೇ ಗುಣಮಟ್ಟದ ಅಳತೆಯೂ ಆಗಿಬಿಟ್ಟಿತು. ಆದರೆ ಕೆನಡಾದಲ್ಲಿ 408 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯೋಜನೆ ಪಡೆದವರ ಮನಸ್ಸಿನ ಬೇಗುದಿ ಪಡೆಯದವರಿಗಿಂತ ಕಡಿಮೆಯಾಗಿರಲಿಲ್ಲ. 2020ರ ನಿಯಮಾವಳಿ ಈ ಕಾಗದವನ್ನು ಕಡ್ಡಾಯದ ಪಟ್ಟಿಯಿಂದ ಕೈಬಿಟ್ಟಿತು.

ಅವೆಡಿಸ್ ಡೊನಬೆಡಿಯನ್ 1966ರಲ್ಲಿ ಹಾಕಿಕೊಟ್ಟ ಮೂರು ಮೆಟ್ಟಿಲ ಅಳತೆ ಇಂಥ ಕಡೆ ನೆರವಿಗೆ ಬರುತ್ತದೆ: ವ್ಯವಸ್ಥೆ ಇದೆಯೇ, ಮಾಡಬೇಕಾದ್ದನ್ನು ಮಾಡಿದರೇ, ಅದರಿಂದ ರೋಗಿಗೆ ಒಳಿತಾಯಿತೇ. ಕಾಗದ ಎಣಿಸುವವರು ಎರಡನೆಯದರಲ್ಲೇ ನಿಂತಿದ್ದರು. ಮೂರನೆಯದನ್ನು ತಿಳಿಯಲು ರೋಗಿಯನ್ನೇ ಕೇಳಬೇಕು. ದಣಿವು, ನೋವು, ನಿದ್ದೆ, ದುಡಿಮೆ ಕುರಿತ ಸಿದ್ಧ ಪ್ರಶ್ನಾವಳಿಗಳು ಅದಕ್ಕೆಂದೇ ಇವೆ. ಬೇಡದ್ದನ್ನು ಮಾಡದಿರುವುದೂ ಗುಣಮಟ್ಟವೇ. ಆರಂಭಿಕ ಹಂತದ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಯಾವ ಲಕ್ಷಣವೂ ಇಲ್ಲದವರಿಗೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಬೇಕು, ಪದೇ ಪದೇ ಪೆಟ್ ಸ್ಕ್ಯಾನ್ ಬೇಡ ಎನ್ನುತ್ತವೆ ಮಾರ್ಗಸೂಚಿಗಳು. ದುಬಾರಿ ಸ್ಕ್ಯಾನನ್ನೇ ಒಳ್ಳೆಯ ಆರೈಕೆಯೆಂದು ನಂಬಿದ ಮನೆಯವರಿಗೆ ಇದನ್ನು ಒಪ್ಪಿಸುವುದು ಸಲೀಸಲ್ಲ.

ಎಟುಕಿನ ಪ್ರಶ್ನೆ ಇನ್ನೂ ಜಟಿಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಬಾಲ್ಯದಲ್ಲಿ ಕ್ಯಾನ್ಸರ್ ಬಂದು ಗುಣವಾದವರಿಗಾಗಿ 1991ರಲ್ಲೇ ಪ್ರತ್ಯೇಕ ಕ್ಲಿನಿಕ್ ತೆರೆದಿದೆ. ಕ್ಲಿನಿಕ್ ಇದ್ದರಾಯಿತೇ? ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಕಲಬುರಗಿ ಕಡೆಯಿಂದ ಬರುವವರು 500 ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಬೇಕು. ಕಲಬುರಗಿಯಲ್ಲೇ ಕಿದ್ವಾಯಿಯ ಶಾಖೆ ತೆರೆದದ್ದು ಈ ದೂರವನ್ನು ನೀಗಲೆಂದೇ. 2018ರ ಆಯುಷ್ಮಾನ್ ಭಾರತ್ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚನ್ನು ನೋಡಿಕೊಳ್ಳುತ್ತದೆ. ವರ್ಷಗಟ್ಟಲೆ ಹೊರರೋಗಿಯಾಗಿ ಮಾಡಿಸಿಕೊಳ್ಳುವ ಚೆಕಪ್ಪು, ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ ನಷ್ಟ ಹೆಚ್ಚಾಗಿ ಮನೆಯವರ ಮೇಲೇ ಬೀಳುತ್ತವೆ. ಊರಿನ ಆರೋಗ್ಯ ಕೇಂದ್ರದ ವೈದ್ಯರು ಥೈರಾಯ್ಡ್ ಪರೀಕ್ಷೆಯನ್ನೋ ರಕ್ತದೊತ್ತಡವನ್ನೋ ನೋಡಿಕೊಳ್ಳಬಲ್ಲರು. ಆದರೆ ದೊಡ್ಡಾಸ್ಪತ್ರೆಯಿಂದ ಚಿಕಿತ್ಸೆಯ ವಿವರ ಅವರಿಗೆ ತಲುಪಿರಬೇಕು. ತಾನಾಗಿ ಫಲ ಕೊಡದ ಆ ಕಾಗದ ಇಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ.

ಮೌಲ್ಯಮಾಪನ ಎಡವುವುದು ಹೆಚ್ಚಾಗಿ ಎಣಿಕೆಯಲ್ಲಿ. ಫಾಲೋಅಪ್ಪಿಗೆ ಬಂದವರನ್ನಷ್ಟೇ ಕೇಳಿದರೆ ಉತ್ತರಗಳು ಚೆನ್ನಾಗಿಯೇ ಬರುತ್ತವೆ, ಬರಲಾಗದವರು ಲೆಕ್ಕದಲ್ಲೇ ಇರುವುದಿಲ್ಲ. ಆದ್ದರಿಂದ ಭಾಗಿಸಬೇಕಾದ್ದು ಬಂದವರ ಸಂಖ್ಯೆಯಿಂದಲ್ಲ, ಆ ವರ್ಷ ಚಿಕಿತ್ಸೆ ಮುಗಿಸಿದ ಎಲ್ಲರ ಸಂಖ್ಯೆಯಿಂದ. ತಪ್ಪಿದವರನ್ನು ಫೋನಿನಲ್ಲೋ ಆಶಾ ಕಾರ್ಯಕರ್ತೆಯರ ಮೂಲಕವೋ ಹುಡುಕಿ, ಏಕೆ ಬರಲಿಲ್ಲವೆಂದು ಕೇಳಬೇಕು. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಯಾರಿಗೆ ಯಾವ ಕ್ಯಾನ್ಸರ್ ಬಂತು, ಯಾರು ತೀರಿಕೊಂಡರು ಎಂಬುದು ಇಂಥ ನೋಂದಣಿಯಿಂದ ಸಿಗುತ್ತದೆ. ಉಳಿದವರು ಮತ್ತೆ ಕೆಲಸಕ್ಕೆ ಹೋದರೇ, ಗಟ್ಟಿ ಊಟ ನುಂಗಬಲ್ಲರೇ ಎಂಬುದನ್ನು ಪ್ರತ್ಯೇಕ ಸಮೀಕ್ಷೆಯಿಂದಲೇ ತಿಳಿಯಬೇಕು.